ಕೈ ಕೆಸರು ಮಾಡಿಕೊಂಡ ಪರದೇಶದವರು



"ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆ ನಿಮಗೆಲ್ಲ ಗೊತ್ತು. ಯಾರ ಕೈಗೆ ಕೆಸರು ಹತ್ತುತ್ತದೋ ಅವರ ಬಾಯಿಗೇ ಮೊಸರು ಎಂಬುದು ಅದರ ಲೆಕ್ಕ. ಆದರೆ ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಆದರೆ ಹೇಗೆ? ಕೈ ಒಂದು ದೇಶದ್ದು, ಬಾಯಿ ಇನ್ನೊಂದು ದೇಶದ್ದು ಆದರೆ? ಕೂಲಿ ಕೇಳದೆ, ತಮ್ಮ ಊರು ಬಿಟ್ಟು, ಸಮುದ್ರ ದಾಟಿ ಹೋಗಿ ಪರರ ಮನೆ ಕಟ್ಟಿಕೊಟ್ಟವರ ಚರಿತ್ರೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಈ ಚರಿತ್ರೆ ಫ್ರಾನ್ಸಿನ ಒಂದು ಹಾಳು ಹಳ್ಳಿಯಲ್ಲಿ ಶುರುವಾಗಿ ನಮ್ಮ ಬಿಹಾರದ ಕೆಸರಿನವರೆಗೆ ಬರುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಕೂಲಿಯಿಲ್ಲದ ದುಡಿಮೆ ನಮಗೆ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಅದು ಎರಡು ರೂಪದಲ್ಲಿತ್ತು. ಒಂದು ಬಿಟ್ಟಿ. ಗೌಡರು, ಜಮೀನುದಾರರು, ಸರಕಾರದ ಸಾಹೇಬರು ಹೇಳಿ ಕಳಿಸಿದರೆ ಹೊಲದ ಕೆಲಸ ಬಿಟ್ಟು ಹೋಗಿ ದುಡಿಯಬೇಕು, ಕಾಸು ಕೇಳುವಂತಿಲ್ಲ. ಸೊಲ್ಲಾಪುರದ ಕಡೆ ಇದಕ್ಕೆ ವೇಠಬಿಗಾರ ಎನ್ನುತ್ತಾರೆ, ರಾಯದುರ್ಗ ಮಡಕಶಿರಾದ ಕಡೆ ವೆಟ್ಟಿಚಾಕಿರಿ ಎನ್ನುತ್ತಾರೆ. ಹೆಸರು ಬೇರೆ, ಬೆವರು ಒಂದೇ. ಇನ್ನೊಂದು ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಮರಾಠಿಯವರ ಇರ್ಜಿಕ್ ಕೂಡ ಇದೇ ಜಾತಿಯದು. ಬಿಟ್ಟಿಯಲ್ಲಿ ಹೆದರಿಕೆ ಇದೆ, ಮುಯ್ಯಿಯಲ್ಲಿ ಮರಳಿ ಬರುವ ಭರವಸೆ ಇದೆ. ಈಗ ನಾನು ಹೇಳುವ ದುಡಿಮೆಯಲ್ಲಿ ಇವೆರಡೂ ಇಲ್ಲ. ಆದ್ದರಿಂದಲೇ ಜನ ಮೊದಮೊದಲು ಅದನ್ನು ನಂಬಲಿಲ್ಲ.

ಮೊದಲನೆಯ ಮಹಾಯುದ್ಧ 1914ರಿಂದ 1918ರವರೆಗೆ ನಡೆಯಿತು. ಅದರಲ್ಲಿ ಫ್ರಾನ್ಸಿನ ವೆರ್ದ್ಯುನ್ ಎಂಬಲ್ಲಿ 1916ರ ಫೆಬ್ರವರಿಯಿಂದ ಡಿಸೆಂಬರಿನವರೆಗೆ ಹತ್ತು ತಿಂಗಳು ಫ್ರೆಂಚರಿಗೂ ಜರ್ಮನರಿಗೂ ಕಾದಾಟವಾಯಿತು. ಎರಡೂ ಕಡೆ ಕೂಡಿ ಸುಮಾರು 3 ಲಕ್ಷ ಜನ ಸತ್ತರು. ಸುತ್ತಲಿನ ಊರುಗಳ ಗತಿ ಏನಾಯಿತೆಂದು ಕೇಳಬೇಡಿ. ತೋಪಿನ ಗುಂಡು ಬಿದ್ದು ಬಿದ್ದು ನೆಲವೆಲ್ಲ ಹೊಂಡ. ಮನೆ ಇದ್ದ ಜಾಗದಲ್ಲಿ ಮಣ್ಣುಗುಡ್ಡೆ. ಒಂಬತ್ತು ಹಳ್ಳಿಗಳು ಪೂರಾ ಅಳಿಸಿಹೋದವು. ಇಂದಿಗೂ ಆ ಪ್ರದೇಶದಲ್ಲಿ ಸಿಡಿಯದೆ ಉಳಿದ ಗುಂಡುಗಳು ನೆಲದೊಳಗೆ ಇವೆ.

ಯುದ್ಧ ಮುಗಿದ ಮೇಲೆ ಆ ಹಾಳಿಗೆ ಹೋಗಿ ನಿಂತವರು ಪಿಯೆರ್ ಸೆರೆಸೋಲ್ ಎಂಬ ಸ್ವಿಟ್ಜರ್ಲೆಂಡಿನ ಇಂಜಿನಿಯರು. ಹುಟ್ಟಿದ್ದು 1879ರಲ್ಲಿ, ಲೋಸಾನ್ ಎಂಬ ನಗರದಲ್ಲಿ. ಅವರ ತಂದೆ ಆ ದೇಶದ ಅಧ್ಯಕ್ಷರಾಗಿದ್ದವರು. ಅಂಥ ಮನೆತನದ ಮಗ ಸೈನ್ಯದ ತೆರಿಗೆ ಕಟ್ಟುವುದಿಲ್ಲ ಎಂದು ಹಟ ಹಿಡಿದು ಯುದ್ಧಕಾಲದಲ್ಲಿ ಜೈಲು ಕಂಡರು. ಯುದ್ಧ ಮುಗಿದ ಮೇಲೆ ಶಾಂತಿಯ ಬಗ್ಗೆ ಹಾಲೆಂಡಿನ ಬಿಲ್ತೋವನ್ ಊರಿನಲ್ಲಿ ಸಭೆಗಳು ನಡೆದವು. ಸೆರೆಸೋಲ್ ಅಲ್ಲಿದ್ದರು. ಭಾಷಣ ಕೇಳಿ ಕೇಳಿ ಅವರಿಗೆ ಸಾಕಾಯಿತು. ಶಾಂತಿಯೆಂದರೆ ಬಾಯಲ್ಲಿ ಹೇಳುವ ಮಾತಲ್ಲ, ಕೈಯಲ್ಲಿ ಮಾಡಿ ತೋರಿಸಬೇಕಾದ ಕೆಲಸ ಎಂದು ಅವರ ಮನಸ್ಸಿಗೆ ಬಂತು.

ಹಾಗೆ 1920ರ ನವೆಂಬರಿನಲ್ಲಿ ವೆರ್ದ್ಯುನ್ ಹತ್ತಿರದ ಎನ್ ಎಂಬ ಹಳ್ಳಿಗೆ ಬೆರಳೆಣಿಕೆಯ ಜನ ಹೋದರು. ಹ್ಯೂಬರ್ಟ್ ಪ್ಯಾರಿಸ್ ಎಂಬ ಇಂಗ್ಲಿಷರು ಜೊತೆಗಿದ್ದರು. ಸೆರೆಸೋಲರ ಸಹೋದರ ಅರ್ನೆಸ್ಟ್ ಸ್ವಿಸ್ ಸೈನ್ಯದಲ್ಲಿ ಕರ್ನಲ್. ಯುದ್ಧವೇ ಬೇಡವೆನ್ನುವ ಸಹೋದರನೊಡನೆ ಅವರೂ ಗುದ್ದಲಿ ಹಿಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ಆ ಗುಂಪಿನಲ್ಲಿ ಜರ್ಮನರಿದ್ದರು. ನಾಲ್ಕು ವರ್ಷದ ಹಿಂದೆ ಆ ಹಳ್ಳಿಯ ಮೇಲೆ ಗುಂಡು ಸುರಿಸಿದ ದೇಶದವರು ಈಗ ಅದೇ ಹಳ್ಳಿಯಲ್ಲಿ ಹೊಂಡ ಮುಚ್ಚುತ್ತಿದ್ದರು, ಮರದ ಹಲಗೆ ಹೊಡೆದು ಮನೆ ನಿಲ್ಲಿಸುತ್ತಿದ್ದರು. ಚಳಿಗಾಲ, ಹಿಮ, ಕೆಸರು. ಕೂಲಿ ಇಲ್ಲ.

ಕೆಲಸ ಐದು ತಿಂಗಳು ನಡೆಯಿತು. ಆಮೇಲೆ ನಿಂತಿತು. ಜರ್ಮನರಿರುವ ಗುಂಪು ಮುಂದುವರಿಯಲು ಅಲ್ಲಿನ ಅಧಿಕಾರಿಗಳ ಸಮ್ಮತಿ ಸಿಗಲಿಲ್ಲ. ಜರ್ಮನರನ್ನು ಕಳಿಸಿಬಿಟ್ಟಿದ್ದರೆ ಉಳಿದವರು ಇರಬಹುದಿತ್ತು. ಗುಂಪು ಅದಕ್ಕೆ ಒಪ್ಪಲಿಲ್ಲ. 1921ರ ವಸಂತದಲ್ಲಿ ಎಲ್ಲರೂ ಒಟ್ಟಿಗೇ ಹೊರಟುಬಂದರು. ಕೆಲವೇ ಮನೆ, ಸ್ವಲ್ಪ ನೆಲ, ಐದು ತಿಂಗಳು. ಇದು ಸೋಲು ಎಂದು ಯಾರಾದರೂ ಹೇಳಬಹುದು. ಆದರೆ ಶತ್ರುವನ್ನು ಹೊರಗೆ ಹಾಕಿ ಮನೆ ಕಟ್ಟಿದ್ದರೆ ಅದು ಬರೀ ಮನೆಯಾಗುತ್ತಿತ್ತು, ಅವರು ಅಲ್ಲಿಗೆ ಹೋದ ಕಾರಣವೇ ಇಲ್ಲವಾಗುತ್ತಿತ್ತು.

ಆ ಬೀಜದಿಂದ ಬೆಳೆದ ಸಂಸ್ಥೆಗೆ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂದು ಹೆಸರು. ಅಂತರರಾಷ್ಟ್ರೀಯ ನಾಗರಿಕ ಸೇವೆ ಎಂದು ನಾವು ಹೇಳಬಹುದು. 1924ರಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದೂರಿನಲ್ಲಿ ಹಿಮಕುಸಿತದ ಕಲ್ಲುಮಣ್ಣು ತೆಗೆದರು. 1927ರ ಸೆಪ್ಟೆಂಬರಿನಲ್ಲಿ ರೈನ್ ನದಿಯ ಒಡ್ಡು ಒಡೆದು ಲೀಖ್ಟೆನ್‌ಸ್ಟೈನ್ ಎಂಬ ಪುಟ್ಟ ರಾಜ್ಯದ ಹೊಲಗಳ ಮೇಲೆ ಉಸುಕು, ಹರಳು ಬಂದು ಬಿದ್ದವು. ಮರುವರ್ಷ ಇಪ್ಪತ್ತರಷ್ಟು ದೇಶಗಳಿಂದ 700ಕ್ಕೂ ಹೆಚ್ಚು ಸ್ವಯಂಸೇವಕರು ಸರದಿಯ ಮೇಲೆ ಬಂದು ಅದನ್ನು ಎತ್ತಿಹಾಕಿ ಹೊಲ ಮಾಡಿಕೊಟ್ಟರು. 1931ರಲ್ಲಿ ವೇಲ್ಸಿನ ಬ್ರಿನ್‌ಮಾರ್ ಎಂಬಲ್ಲಿ ಕೆಲಸ ಕಳೆದುಕೊಂಡಿದ್ದ ಗಣಿ ಕೂಲಿಕಾರರ ಜೊತೆ ಸೇರಿ ಊರಿಗೊಂದು ಈಜುಕೊಳ, ಒಂದು ತೋಟ ಮಾಡಿದರು.

ಈ ಶಿಬಿರಗಳಿಗೆ ಕೆಲವು ಕಟ್ಟುಪಾಡುಗಳಿದ್ದವು. ಊರಿನವರಿಗೆ ಬೇಕಾದ ಕೆಲಸವಾಗಿರಬೇಕು. ಸ್ವಯಂಸೇವಕನಿಗೆ ಊಟ, ಮಲಗಲು ಜಾಗ, ಅಷ್ಟೇ. ಬಹಳ ಮುಖ್ಯವಾದದ್ದು ಇನ್ನೊಂದು: ಸ್ಥಳೀಯ ಕೂಲಿಕಾರನ ಅನ್ನ ಕಿತ್ತುಕೊಳ್ಳುವ ಕೆಲಸ ಮಾಡಬಾರದು. ಪುಕ್ಕಟೆ ದುಡಿಯುವವರು ಬಂದರೆ ಕೂಲಿ ಕೊಟ್ಟು ಯಾರು ಕರೆಯುತ್ತಾರೆ? ಈ ಪ್ರಶ್ನೆಯನ್ನು ಅವರು ಮೊದಲೇ ಕೇಳಿಕೊಂಡಿದ್ದರು.

ಹೆಣ್ಣುಮಕ್ಕಳೂ ಈ ಶಿಬಿರಗಳಿಗೆ ಹೋದರು. ಅವರನ್ನು ಅಕ್ಕತಂಗಿಯರು ಎಂದೇ ಕರೆಯುತ್ತಿದ್ದರು. ಆದರೆ ಆ ಕಾಲದ ರೂಢಿಯಂತೆ ಅವರ ಪಾಲಿಗೆ ಬಂದದ್ದು ಅಡುಗೆ, ಬಟ್ಟೆ ಒಗೆಯುವುದು, ಹರಿದದ್ದು ಹೊಲಿಯುವುದು. ನೂರಾರು ಜನರಿಗೆ ದಿನಾಲು ಬೇಯಿಸಿ ಹಾಕುವುದೆಂದರೆ ಏನೆಂದು ನಮ್ಮ ತಾಯಂದಿರಿಗೆ ಬೇರೆ ಹೇಳಬೇಕಿಲ್ಲ. ಗುದ್ದಲಿ ಹಿಡಿದವರ ಹೆಸರು ಚರಿತ್ರೆಯಲ್ಲಿ ಬಂತು, ಸೌಟು ಹಿಡಿದವರ ಹೆಸರು ಕಡಿಮೆ ಬಂತು. ಅದನ್ನೂ ನಾವು ನೆನಪಿಡೋಣ.

ಇನ್ನು ನಮ್ಮ ದೇಶದ ಕಥೆಗೆ ಬರುತ್ತೇನೆ. 1931ರ ಡಿಸೆಂಬರಿನಲ್ಲಿ ಗಾಂಧೀಜಿ ಲಂಡನ್ನಿನ ದುಂಡುಮೇಜಿನ ಪರಿಷತ್ತು ಮುಗಿಸಿ ಮರಳುವಾಗ ಸ್ವಿಟ್ಜರ್ಲೆಂಡಿನಲ್ಲಿ ಸಾಹಿತಿ ರೋಮಾಂ ರೋಲಾರ ಹತ್ತಿರ ಕೆಲವು ದಿನ ಉಳಿದರು. ಆಗ ಸೆರೆಸೋಲ್ ಅವರಿಗೆ ಗಾಂಧೀಜಿಯ ಭೇಟಿಯಾಯಿತು. ಎರಡು ವರ್ಷ ಕಳೆದ ಮೇಲೆ, 1934ರ ಜನವರಿ 15ರಂದು ಮಧ್ಯಾಹ್ನ, ಬಿಹಾರ ಮತ್ತು ನೇಪಾಳದಲ್ಲಿ ಭಾರೀ ಭೂಕಂಪವಾಯಿತು. ಅದರ ಪ್ರಮಾಣ 8ರ ಆಸುಪಾಸು. ಎರಡೂ ಕಡೆ ಕೂಡಿ ಸತ್ತವರು 10,000ಕ್ಕೂ ಹೆಚ್ಚು. ಮುಂಗೇರ್ ಪಟ್ಟಣ ನೆಲಸಮವಾಯಿತು. ಮುಜಫ್ಫರಪುರ, ದರ್ಭಂಗಾ, ಚಂಪಾರಣ್ ಕಡೆ ನೆಲ ಬಿರಿದು ಒಳಗಿನಿಂದ ನೀರು, ಉಸುಕು ಕಾರಂಜಿಯಂತೆ ಚಿಮ್ಮಿದವು. ಬಾವಿಗಳಲ್ಲಿ ಉಸುಕು ತುಂಬಿತು, ಬೆಳೆದು ನಿಂತ ಹೊಲದ ಮೇಲೆ ಉಸುಕು ಹರಡಿತು. ಕೆಲವು ಕಡೆ ನೆಲವೇ ಕುಸಿದು ತಗ್ಗಾಯಿತು. ತಗ್ಗಾದ ನೆಲಕ್ಕೆ ಮಳೆಗಾಲದಲ್ಲಿ ನದಿಯ ನೀರು ನುಗ್ಗುತ್ತದೆ. ಭೂಕಂಪದಲ್ಲಿ ಉಳಿದವರು ನೆರೆಯಲ್ಲಿ ಮುಳುಗುವ ಗತಿ.

ಬಾಬು ರಾಜೇಂದ್ರ ಪ್ರಸಾದರು ಆಗ ಸೆರೆಮನೆಯಲ್ಲಿದ್ದರು. ಭೂಕಂಪವಾದ ಎರಡೇ ದಿನಕ್ಕೆ ಅವರ ಬಿಡುಗಡೆಯಾಯಿತು. ಹೊರಗೆ ಬಂದವರೇ ಪರಿಹಾರ ಸಮಿತಿ ಕಟ್ಟಿ ಹಣ, ಬಟ್ಟೆ, ಕಾಳು ಕೂಡಿಸಿದರು. ಗಾಂಧೀಜಿ ಮಾರ್ಚಿನಲ್ಲಿ ಬಿಹಾರಕ್ಕೆ ಬಂದು ಊರೂರು ತಿರುಗಿದರು. ಸೆರೆಸೋಲ್ ಅವರು ಹಡಗು ಹತ್ತಿ ಭಾರತಕ್ಕೆ ಬಂದದ್ದು ಅದೇ 1934ರಲ್ಲಿ. ಬಂದ ಕೂಡಲೆ ಗುದ್ದಲಿ ಎತ್ತಲಿಲ್ಲ. ಗಾಂಧೀಜಿಯನ್ನು ಕಂಡರು, ರಾಜೇಂದ್ರ ಬಾಬುಗಳನ್ನು ಕಂಡರು, ಊರುಗಳನ್ನು ನೋಡಿದರು. ತಮ್ಮಂಥವರಿಂದ ಇಲ್ಲಿ ಉಪಯೋಗವಿದೆಯೇ ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಯುರೋಪಿಗೆ ಹೋಗಿ, ತಯಾರಿ ಮಾಡಿಕೊಂಡು, ಆ ವರ್ಷದ ಕೊನೆಗೆ ಮರಳಿ ಬಂದರು. ಅವರಿಗೆ ಆಗ 55 ವರ್ಷ.

ಜೋ ವಿಲ್ಕಿನ್ಸನ್, ಫ್ರೇಜರ್ ಹಾಯ್‌ಲಂಡ್, ಪಾಲ್ ಶೆಂಕರ್ ಎಂಬ ಗೆಳೆಯರು ಆ ವರ್ಷಗಳಲ್ಲಿ ಅವರೊಡನೆ ದುಡಿದರು. ಮುಜಫ್ಫರಪುರದ ಕಡೆಯ ತಗ್ಗಿನ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ ಹೊಸದಾಗಿ ಕಟ್ಟುವುದು ಕೆಲಸ. ಜಾಗ ಅಳೆಯಬೇಕು, ಮಣ್ಣು ತುಂಬಿ ದಿಬ್ಬ ಮಾಡಬೇಕು, ಅದರ ಮೇಲೆ ಮನೆ ಏಳಬೇಕು. ಮೊದಲು ಎದ್ದ ಊರಿಗೆ ಶಾಂತಿಪುರ ಎಂದು ಹೆಸರಿಟ್ಟರು. ಹಳ್ಳಿಗರೊಡನೆ ಮಾತಾಡಲು ಸೆರೆಸೋಲ್ ಹಿಂದಿ ಕಲಿಯತೊಡಗಿದರು. ಆ ವಯಸ್ಸಿನಲ್ಲಿ ಹೊಸ ಭಾಷೆ ಸುಲಭವಲ್ಲ. ಮನೆಯಲ್ಲಿ ಒಂದು, ಕಚೇರಿಯಲ್ಲಿ ಒಂದು ಭಾಷೆ ಆಡುವ ನಿಮಗೆ ಅದರ ಬೆಲೆ ಗೊತ್ತು. ಮುರುಕು ಮಾತಾದರೂ ನಮ್ಮ ಮಾತಿನಲ್ಲಿ ಆಡಿದವನು ಅರ್ಧ ನೆಂಟನಾಗುತ್ತಾನೆ.

ಈಗ ನಾನು ಬ್ಯಾಂಕಿನವನಾಗಿ ಒಂದು ಲೆಕ್ಕ ಹಾಕುತ್ತೇನೆ. ಮೂವತ್ತು ವರ್ಷದ ಮೇಲೆ ಖಾತೆ ಪುಸ್ತಕ ನೋಡಿದ ಕಣ್ಣು, ಜಮೆ-ಖರ್ಚು ನೋಡದೆ ಬಿಡುವುದಿಲ್ಲ. ಖರ್ಚಿನ ಕಡೆ ಬರೆಯೋಣ. ಯುರೋಪಿನಿಂದ ಮುಂಬಯಿಗೆ ಹಡಗಿನ ಟಿಕೀಟು, ಅಲ್ಲಿಂದ ರೈಲು. ಬಿಹಾರದ ಬಿಸಿಲು, ಜ್ವರ, ಭಾಷೆ ಬಾರದ ಕಷ್ಟ. ಬಿಹಾರದಲ್ಲಿ ಮಣ್ಣು ಹೊರುವ ಆಳುಗಳಿಗೆ ಬರವೇ? ಆ ಟಿಕೀಟಿನ ಹಣವನ್ನು ಅವರಿಗೇ ಕೂಲಿ ಕೊಟ್ಟಿದ್ದರೆ ಹತ್ತು ಪಟ್ಟು ಮಣ್ಣು ಏಳುತ್ತಿತ್ತು. ಬುಟ್ಟಿಯ ಲೆಕ್ಕದಲ್ಲಿ ಸೆರೆಸೋಲ್ ಅವರ ಖಾತೆ ನಷ್ಟದ ಖಾತೆಯೇ.

ಜಮೆಯ ಕಡೆ ಏನಿದೆ? 1934ರ ಭಾರತವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಿಳಿಯನೆಂದರೆ ಸಾಹೇಬ. ಸಾಹೇಬ ಕುದುರೆಯ ಮೇಲೆ ಬರುತ್ತಾನೆ, ಕುರ್ಚಿಯ ಮೇಲೆ ಕೂಡುತ್ತಾನೆ, ಹುಕುಂ ಮಾಡುತ್ತಾನೆ. ಅವನ ಮೈಬಣ್ಣದವನೇ ಒಬ್ಬ ಮಣ್ಣಿನ ಬುಟ್ಟಿ ಹೊತ್ತು ನಡೆದರೆ ನೋಡಿದವರ ತಲೆಯಲ್ಲಿ ಏನೋ ಒಂದು ಮುರಿಯುತ್ತದೆ. ಮುರಿಯುವುದು ಇಂಗ್ಲಿಷರ ದರ್ಪ ಒಂದೇ ಅಲ್ಲ. ಮಣ್ಣು ಮುಟ್ಟುವ ಕೆಲಸ ಕೀಳುಜಾತಿಯವರದು ಎಂದು ದೂರ ನಿಲ್ಲುತ್ತಿದ್ದ ನಮ್ಮವರ ದರ್ಪವೂ ಅಲ್ಲಿ ನಾಚಬೇಕಾಗುತ್ತದೆ. ಇದನ್ನು ಯಾವ ಮನಿಯಾರ್ಡರಿನಲ್ಲಿ ಕಳಿಸಲು ಬರುತ್ತದೆ? ಎರಡನೆಯದಾಗಿ, ಸೆರೆಸೋಲ್ ಯುರೋಪಿನ ಗೆಳೆಯರಿಗೆ ಬರೆದ ಕಾಗದಗಳು ಪುಸ್ತಕವಾಗಿ ಅಚ್ಚಾದವು. ಬಿಹಾರದ ಹಳ್ಳಿಗರ ಸುದ್ದಿ ಅಲ್ಲಿಯ ಮನೆಮನೆಗೆ ಹೋಯಿತು. ಮೂರನೆಯದು, ಅವರು ಬೇಗ ಓಡಿಹೋಗಲಿಲ್ಲ. ಹೋಗುತ್ತ ಬರುತ್ತ 1937ರವರೆಗೆ ಆ ಕೆಲಸದ ಬೆನ್ನು ಬಿಡಲಿಲ್ಲ.

ಸೆರೆಸೋಲರ ಮುಂದಿನ ಬದುಕನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಪರವಾನಗಿ ಇಲ್ಲದೆ ಗಡಿ ದಾಟಿ ಹಿಟ್ಲರನ ಜರ್ಮನಿಗೆ ನಡೆದುಹೋಗಿ ಸೆರೆ ಸಿಕ್ಕರು. 1945ರ ಅಕ್ಟೋಬರ್ 23ರಂದು ತೀರಿಕೊಂಡರು. ಸೈನ್ಯಕ್ಕೆ ಹೋಗಲು ಮನಸ್ಸೊಪ್ಪದವರಿಗೆ ನಾಗರಿಕ ಸೇವೆಯ ಅವಕಾಶ ಬೇಕು ಎಂದು ಅವರು ತಮ್ಮ ದೇಶದಲ್ಲಿ ಬಹಳ ಹೋರಾಡಿದ್ದರು. ಅಂಥ ಕಾಯಿದೆ ಸ್ವಿಟ್ಜರ್ಲೆಂಡಿನಲ್ಲಿ ಜಾರಿಗೆ ಬಂದದ್ದು 1996ರಲ್ಲಿ, ಅವರು ಸತ್ತು 51 ವರ್ಷಕ್ಕೆ. ಅವರ ಸಂಸ್ಥೆ 2020ರಲ್ಲಿ ನೂರು ವರ್ಷ ಪೂರೈಸಿತು.

ಭಾರತದಲ್ಲಿ ಬಿತ್ತಿದ್ದು ವ್ಯರ್ಥವಾಗಲಿಲ್ಲ. ದೇಶ ಒಡೆದಾಗ ವಾಯವ್ಯ ಗಡಿಪ್ರಾಂತದಿಂದ ಬಂದ ನಿರಾಶ್ರಿತರಿಗಾಗಿ ದಿಲ್ಲಿಯ ಹೊರಗೆ ಫರೀದಾಬಾದ್ ಎಂಬ ಹೊಸ ಪಟ್ಟಣ ಎದ್ದಿತು. ಅದನ್ನು ಕಟ್ಟಿದ್ದು ಬಹುಮಟ್ಟಿಗೆ ಆ ನಿರಾಶ್ರಿತರ ಕೈಗಳೇ. ಅವರನ್ನು ಸಹಕಾರದ ದಾರಿಗೆ ಹಚ್ಚಿದವರಲ್ಲಿ ಮುಖ್ಯರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. 1950ರಲ್ಲಿ ನಾಗರಿಕ ಸೇವೆಯ ಸ್ವಯಂಸೇವಕರು ಯುರೋಪಿನಿಂದ ಮತ್ತೆ ಬಂದು ಫರೀದಾಬಾದಿನ ನಿರಾಶ್ರಿತರ ನಡುವೆ ದುಡಿದರು. ಈ ಸಲ ಊರು ಕಟ್ಟುವವರು ಆ ಊರಿನವರೇ, ಪರದೇಶದವರು ಜೊತೆಗಾರರು ಮಾತ್ರ. ಹಾಗೇ ಇರಬೇಕಾದದ್ದು.

ಹಾಗಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಕಿಲ್ಲಾರಿಯ ಮನೆಗಳು ಕುಸಿದವು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರದಷ್ಟು ಜನ ಹೋದರು. ಸೊಲ್ಲಾಪುರ, ಅಕ್ಕಲಕೋಟೆಯ ನಮಗೂ ಅಂದು ನೆಲ ನಡುಗಿದ್ದು ನೆನಪಿದೆ. ಕೆಸರು ಗಾರೆಯ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ, ಅವೇ ಜನರನ್ನು ಹೂತವು. ನಾನು ಆಗ ಕೌಂಟರಿನ ಗುಮಾಸ್ತ. ಪರಿಹಾರ ನಿಧಿಗೆ ಡಿಮಾಂಡ್ ಡ್ರಾಫ್ಟ್ ಮಾಡಿಸುವವರ ಸಾಲು ಬಾಗಿಲ ತನಕ ಇರುತ್ತಿತ್ತು. ಒಬ್ಬ ರೈತರು ನೂರಾ ಒಂದು ರೂಪಾಯಿ ಕಟ್ಟಿ, "ಸಾಹೇಬ್ರ, ರೊಕ್ಕ ಕಳಸೂದು ಛಲೋ ಆತ್ರಿ. ಆದ್ರ ಕಲ್ಲು ತೆಗಿಲಿಕ್ಕ ಮಂದಿ ಬೇಕಲ್ರಿ" ಎಂದು ಹೇಳಿ, ಮರುದಿನ ಊರಿನ ಹುಡುಗರನ್ನು ಕರಕೊಂಡು ರೊಟ್ಟಿಗಂಟಿನೊಡನೆ ಅತ್ತ ಹೋದರು.

ಆಮೇಲೆ ದೇಶ ಪರದೇಶಗಳಿಂದ ಹಣ ಬಂತು, ಸಂಸ್ಥೆಗಳು ಬಂದವು. ಹಳ್ಳಿಗೆ ಹಳ್ಳಿಯನ್ನೇ ಬೇರೆ ಜಾಗಕ್ಕೆ ಒಯ್ದು ಕಟ್ಟಿದರು. ಮನೆ ಗಟ್ಟಿಯಾದವು, ಅದು ಸುಳ್ಳಲ್ಲ. ಆದರೆ ದನ ಕಟ್ಟಲು ಜಾಗವೆಲ್ಲಿ, ಹೊಲ ಇಷ್ಟು ದೂರವಾಯಿತಲ್ಲ, ಓಣಿಯ ಅಣ್ಣತಮ್ಮಂದಿರು ಚೆದುರಿಹೋದರಲ್ಲ, ಚದುರಂಗದ ಮಣೆಯಂತೆ ಗೆರೆ ಹೊಡೆದ ಈ ಊರು ನಮ್ಮದೆನಿಸುವುದಿಲ್ಲವಲ್ಲ ಎಂಬ ದೂರುಗಳು ಮುಂದೆ ಬಂದವು. ಕಟ್ಟಿದವರ ಮನಸ್ಸು ಒಳ್ಳೆಯದೇ. ಆದರೆ ಅನೇಕ ಕಡೆ ಇರುವವರನ್ನು ಕೇಳಿ ಕಟ್ಟಲಿಲ್ಲ. ಸೆರೆಸೋಲ್ ಗುದ್ದಲಿ ಎತ್ತುವ ಮೊದಲು ಊರೂರು ತಿರುಗಿ ಕೇಳಿದರೆಂದು ನಾನು ಒತ್ತಿ ಹೇಳಿದ್ದು ಇದಕ್ಕಾಗಿ.

ಈಗ ಕಾಲ ಇನ್ನೂ ಬದಲಾಗಿದೆ. ಎರಡು ವಾರದ ರಜೆಯಲ್ಲಿ ಬಡ ದೇಶಕ್ಕೆ ಹೋಗಿ ಶಾಲೆಯ ಗೋಡೆ ಕಟ್ಟಿ ಬರುವುದು ಒಂದು ಪ್ರವಾಸವೇ ಆಗಿದೆ. ಅದನ್ನು ಏರ್ಪಡಿಸಿ ಹಣ ಪಡೆಯುವ ಕಂಪನಿಗಳೂ ಇವೆ. ನಮ್ಮ ಮಕ್ಕಳು ಮೊಮ್ಮಕ್ಕಳೂ ಕಾಲೇಜಿನಿಂದ, ಕಂಪನಿಯಿಂದ ಹೀಗೆ ಹೋಗಬಹುದು. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಇಟ್ಟಿಗೆಯನ್ನು ಕೈಯಲ್ಲಿ ಹಿಡಿಯದ ಹುಡುಗ ಒಂದು ಸಲ ಹಿಡಿದು ನೋಡಲಿ. ಆದರೆ ಹೋಗುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ. ಅವರು ಕರೆದಿದ್ದಾರೆಯೇ, ನಾನೇ ಹೊರಟಿದ್ದೇನೆಯೇ? ಅಲ್ಲಿಯ ಗೌಂಡಿಯ ಕೂಲಿ ನನ್ನಿಂದ ತಪ್ಪುತ್ತದೆಯೇ? ನಾನು ಕಟ್ಟಿದ ಗೋಡೆ ನಿಲ್ಲುತ್ತದೆಯೇ? ನಾನು ಮರಳಿ ಬಂದ ಮೇಲೆ ಆ ಕೆಲಸ ನೋಡಿಕೊಳ್ಳುವವರು ಅಲ್ಲಿದ್ದಾರೆಯೇ? ಈ ನಾಲ್ಕಕ್ಕೆ ಸಮಾಧಾನದ ಉತ್ತರ ಸಿಕ್ಕರೆ ಟಿಕೀಟು ತೆಗೆಸಬಹುದು.

ಸೇವೆ ಮಾಡುವವನ ಒಳಗನ್ನು ಕೆದಕಿ ನೋಡುವುದು ನಮ್ಮ ನಾಡಿನಲ್ಲಿ ಎಂಟುನೂರು ವರ್ಷ ಹಿಂದೆಯೇ ಆಗಿದೆ. ಸೊಲ್ಲಾಪುರದ ಕೆರೆ ನೀವು ನೋಡಿರಬೇಕು. ಸೊನ್ನಲಿಗೆಯ ಸಿದ್ಧರಾಮರು ಸಾವಿರಾರು ಜನರನ್ನು ಕೂಡಿಸಿ ಅದನ್ನು ತೋಡಿಸಿದರೆಂದು ನಂಬಿಕೆ. ಆ ಕೆಲಸ ನಡೆದಾಗ ಅಲ್ಲಮಪ್ರಭುಗಳು ಬಂದು, ನಿಮ್ಮ ಒಡ್ಡರಾಮ ಎಲ್ಲಿದ್ದಾನೆ ಎಂದು ಕೇಳಿದರಂತೆ. ಕೆಲಸದವರು ಸಿಟ್ಟಿಗೆದ್ದು ಕಲ್ಲು ಬೀರಿದರೆಂದು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಅಲ್ಲಮರು ಕೆರೆ ಬೇಡವೆನ್ನಲಿಲ್ಲ. ನಾನು ಕಟ್ಟಿಸಿದೆ ಎಂಬ ಅಹಂಕಾರದ ಒಡ್ಡು ಮೊದಲು ಒಡೆಯಲಿ ಎಂದರು. ಕೆರೆ ಉಳಿಯಿತು, ಅಹಂಕಾರ ಹೋಯಿತು, ಆದ್ದರಿಂದಲೇ ಸಿದ್ಧರಾಮರು ಇಂದಿಗೂ ನಮಗೆ ಶಿವಯೋಗಿ.

ಬಂಧುಗಳೇ, ಗಡಿಯಲ್ಲಿ ಇರುವ ನಮಗೆ ಆಚೆ ಈಚೆ ಎಂಬ ಮಾತು ದಿನಾಲೂ ಕಿವಿಗೆ ಬೀಳುತ್ತದೆ. ನಾಡಿನ ಗಡಿಗೆ ಕಲ್ಲು ನೆಟ್ಟಿರಬಹುದು, ಆದರೆ ಹಳ್ಳದ ನೀರು ಅದನ್ನು ಕೇಳಿ ಹರಿಯುವುದಿಲ್ಲ, ಭೂಕಂಪ ಅದನ್ನು ನೋಡಿ ನಿಲ್ಲುವುದಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯ ಮೇಲೆ ಗುಡ್ಡ ಜರಿದು ಬಿದ್ದಾಗ, ಹೊಳೆಗೆ 190 ಅಡಿಯ ಉಕ್ಕಿನ ಸೇತುವೆ ಹಾಕಿ ದಾರಿ ಮಾಡಿದ ಯೋಧರು ನಮ್ಮ ಬೆಂಗಳೂರಿನ ಮದರಾಸು ಸ್ಯಾಪರ್ಸ್ ದಳದವರು. ಅವರು ಸೈನ್ಯದ ಆಜ್ಞೆಯಿಂದ ಹೋದರು. ಕೋವಿಯಿಲ್ಲದ ಇಂಥದೇ ಒಂದು ಸೈನ್ಯ ಬೇಕು, ಅದರಲ್ಲಿ ಯಾವ ದೇಶದವರೂ ಹೆಸರು ಬರೆಸಬಹುದು ಎಂದೇ ಸೆರೆಸೋಲ್ ಕನಸು ಕಂಡಿದ್ದರು. ನೆರೆಯೂರಿನಲ್ಲಿ ಅವರು ಬೇರೆ ಭಾಷೆ ಆಡಿದರೂ ಅವರ ಗೋಡೆ ಬಿದ್ದ ದಿನ ನೀವು ಸಲಿಕೆ ಹಿಡಿದು ಹೊರಟರೆ, ಆ ಸೈನ್ಯದ ಹಾಜರಿ ಪಟ್ಟಿಯಲ್ಲಿ ನಿಮ್ಮ ಹೆಸರೂ ಸೇರಿತು ಎಂದೇ ತಿಳಿಯಿರಿ.